ಸರ್ ಕೊಟ್ಟ ಏಳು

ದೇವದುರ್ಗದ ಕಾಲೇಜಿನಲ್ಲಿ ನಮಗೆ ಗಣಿತ ಕಲಿಸಿದ ಸರ್ ಕ್ಲಾಸ್ ಟೆಸ್ಟಿನಲ್ಲಿ ಯಾರಿಗೂ ಹತ್ತಕ್ಕೆ ಆರರ ಮೇಲೆ ಅಂಕ ಕೊಟ್ಟವರಲ್ಲ. ಲೆಕ್ಕ ಪೂರ್ತಿ ಸರಿ ಇದ್ದರೂ ಆರು, ಅಕ್ಷರ ಮುತ್ತಿನಂತಿದ್ದರೂ ಆರು. ಗೊಣಗಿದರೆ ಸೀಮೆಸುಣ್ಣದ ಕೈ ಎತ್ತಿ, “ಹತ್ತು ಮ್ಯಾಲಿನಾವಂದು. ಒಂಬತ್ತು ಈ ಲೆಕ್ಕ ಮೊದಲು ಕಂಡುಹಿಡದಾವಂದು. ಎಂಟು ನಮ್ಮ ಉಸ್ತಾದರದು. ಏಳು ನಂದು. ಅದರ ಕೆಳಗ ಏನದ ಅದು ನಿಮ್ಮದು, ತಗೋರಿ ಬೇಕಾದಷ್ಟು,” ಅನ್ನುತ್ತಿದ್ದರು. ಉತ್ತರ ಬಹಳ ಹಿಡಿಸಿದರೆ ಮಾತ್ರ ಉತ್ತರಪತ್ರಿಕೆಯ ಅಂಚಿನಲ್ಲಿ ‘ಅಡ್ಡಿಯಿಲ್ಲ’ ಎಂದು ಬರೆಯುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಮೂರು ವರ್ಷ ಜೀವ ತೇಯ್ದಿದ್ದೇನೆ. ಹುಚ್ಚಿ ಅಂದರೆ ಹುಚ್ಚಿ.

ನಾನು ಅದೇ ಊರಿನ ವೆಂಕಟೇಶ ಗುಡಿಯ ಅರ್ಚಕರ ಮಗಳು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಸರ್ ಒಂದು ಸುದ್ದಿ ತಂದರು. ದೂರದ ಒಂದು ಸಂಸ್ಥೆಯಲ್ಲಿ ಗಣಿತದ ಎಂ.ಎಸ್ಸಿ.ಗೆ ಹುಡುಗರನ್ನು ಆರಿಸುತ್ತಾರೆ, ಫೀಸು, ಊಟ, ಹಾಸ್ಟೆಲು ಎಲ್ಲ ಅವರದೇ. ಪರೀಕ್ಷೆ ಬರೆದೆ, ಪಾಸಾದೆ. ಉಳಿದದ್ದು ಇಬ್ಬರು ಶಿಕ್ಷಕರ ಶಿಫಾರಸು, ಆಮೇಲೆ ಸಂದರ್ಶನ. ಅಪ್ಪ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಪುಕ್ಕಟ ಸಿಕ್ಕರ ಹೋಗು. ಸಿಗಲಿಲ್ಲಂದ್ರ ಇಲ್ಲೇ ಬಿ.ಎಡ್. ಮಾಡು. ಆಮ್ಯಾಲ ಹಟ ಮಾಡಬ್ಯಾಡ ನೋಡು.” ಆಗಲಿ ಅಂದೆ. ಸಿಕ್ಕೇ ಸಿಗುತ್ತದೆ ಅನ್ನುವ ಧಿಮಾಕು ನನಗೆ.

ಮೊದಲ ಶಿಫಾರಸಿಗೆ ನಮ್ಮ ಹಿಂದಿನ ಪ್ರಿನ್ಸಿಪಾಲರನ್ನು ಹುಡುಕಿಕೊಂಡು ರಾಯಚೂರಿಗೆ ಹೋದೆ. ವರ್ಗವಾಗಿ ಅಲ್ಲಿಗೆ ಹೋಗಿದ್ದರು. ನಮಗೆ ಅವರು ಪಾಠ ಮಾಡಿದ್ದು ಹೆಚ್ಚೆಂದರೆ ಮೂರು ದಿನ. ನನ್ನ ಮುಖ ನೋಡಿ, “ಹಾಂ ಹಾಂ, ಭಾಷಣದಾಗ ಫಸ್ಟ್ ಬಂದಾಕಿ ಅಲ್ಲೇನು?” ಅಂದರು. ನಾನು ವೇದಿಕೆಯ ಹತ್ತಿರವೂ ಸುಳಿದವಳಲ್ಲ, ಅದು ಬೇರೆ ಯಾರೋ. ಆದರೂ ಹೌದ್ರಿ ಅಂದೆ. ಸಂಸ್ಥೆಯವರು ಕಳಿಸಿದ ಫಾರಂ ಅವರ ಮೊಬೈಲಿಗೆ ಬಂದಿತ್ತು. ಮೊಬೈಲನ್ನೇ ನನ್ನ ಕೈಗೆ ಕೊಟ್ಟು, “ನೀನೇ ತುಂಬವಾ, ನನಗ ಮೀಟಿಂಗ್ ಅದ. ಕಡಿಮಿ ಹಾಕ್ಕೋಬ್ಯಾಡ ಮತ್ತ,” ಎಂದು ಅಂಗಿ ಹಾಕಿಕೊಂಡು ಹೊರಟೇಬಿಟ್ಟರು.

ಹತ್ತು ಪ್ರಶ್ನೆ ಇದ್ದವು. ಜಾಣತನ, ಪರಿಶ್ರಮ, ಪ್ರಾಮಾಣಿಕತೆ ಹೀಗೆ. ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಡಬೇಕು. ಅವರ ಮನೆಯವರು ಕೊಟ್ಟ ಹಚ್ಚಿದ ಅವಲಕ್ಕಿ ತಿನ್ನುತ್ತ ನನಗೆ ನಾನೇ ಹತ್ತರ ಮೇಲೆ ಹತ್ತು ಕೊಟ್ಟುಕೊಂಡೆ. ಪ್ರಾಮಾಣಿಕತೆಗೂ ಹತ್ತು. ನಾಚಿಕೆಯಾಯಿತು, ಆದರೆ ಎಲ್ಲರೂ ಹೀಗೇ ಮಾಡುವುದು ಅಂತ ನನ್ನನ್ನು ನಾನು ಸಮಾಧಾನಪಡಿಸಿಕೊಂಡೆ.

ಇನ್ನೊಂದು ಗಣಿತದ ಸರ್ ಅವರದು. ಅವರ ಮನೆಗೆ ಹೋಗಿ, “ಟೈಪ್ ಮಾಡಿ ಕೊಡ್ಲೇನ್ರಿ ಸರ್?” ಅಂದೆ. ಕನ್ನಡಕದ ಮೇಲಿಂದ ಗುರಾಯಿಸಿದರು. “ನಿಂದು ನೀನೇ ಬರಕೊಂಡ್ರ ನಾ ಯಾಕ ಬೇಕು? ಗುಪ್ತ ಅಂತ ಬರದಾರ ಇಲ್ಲಿ. ನಡಿ, ಹೊರಗ ಕುಂದ್ರು.” ಕಟ್ಟೆಯ ಮೇಲೆ ಎರಡು ತಾಸು ಕೂತೆ. ಒಳಗಿನಿಂದ ಒಂದು ಸಲ ಊಟಕ್ಕೆ ಕರೆದ ಮನೆಯವರನ್ನು ಸರ್ ತಮ್ಮ ದಖನಿ ಉರ್ದುವಿನಲ್ಲಿ ಗದರಿಸಿದ್ದು ಕೇಳಿಸಿತು. ಕೊನೆಗೆ ಬಾಗಿಲಿಗೆ ಬಂದು ಕನ್ನಡಕ ಒರೆಸುತ್ತ, “ಕಳಿಸೀನಿ. ಇಷ್ಟು ದೊಡ್ಡ ಮಾತು ನಾ ಇಲ್ಲೀತನಕ ಯಾರ ಬಗ್ಗೂ ಬರದಿಲ್ಲ, ಬೇಟಾ,” ಅಂದರು. ಅವತ್ತು ನಾನು ಮನೆಗೆ ನಡೆದು ಬಂದೆನೋ ಹಾರಿ ಬಂದೆನೋ ದೇವರಿಗೇ ಗೊತ್ತು.

ಸಂದರ್ಶನ ಆದದ್ದು ರಾಯಚೂರಿನ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ, ಕಂಪ್ಯೂಟರಿನ ಮುಂದೆ. ಪರದೆಯ ಮೇಲೆ ಮೂವರು. ಮೊದಲ ಎರಡು ಲೆಕ್ಕ ಸರಿಯಾಗಿ ಹೇಳಿದೆ. ಆಮೇಲೆ ಒಬ್ಬ ಮೇಡಂ ಮೆತ್ತಗೆ ಕೇಳಿದರು: “ನಿಮ್ಮನ್ನು ಮೂರು ವರ್ಷ ಹತ್ತಿರದಿಂದ ನೋಡಿದ ಶಿಕ್ಷಕರಿಗೇ ನಿಮ್ಮ ಮೇಲೆ ಅಷ್ಟು ಭರವಸೆ ಇದ್ದಂತಿಲ್ಲವಲ್ಲ, ಯಾಕೆ?” ಸರ್ ನನ್ನ ಬಗ್ಗೆ ಏನು ಬರೆದರು? ನಾನೇನು ತಪ್ಪು ಮಾಡಿದ್ದೆ? ಗೊತ್ತಿಲ್ಲ ಮೇಡಂ ಅಂದೆ. ಅಲ್ಲಿಂದ ಮುಂದೆ ಎರಡು ಎರಡು ಎಷ್ಟು ಅಂದಿದ್ದರೂ ನನ್ನ ಬಾಯಿಂದ ಉತ್ತರ ಬರುತ್ತಿರಲಿಲ್ಲ. ವಾರದಲ್ಲಿ ಈಮೇಲ್ ಬಂತು. ವಿಷಾದಿಸುತ್ತೇವೆ ಅಂತ ಬರೆದಿದ್ದರು.

ಸಿಟ್ಟು ನೆತ್ತಿಗೇರಿತು. ಸರ್ ಮನೆಗೆ ಹೋದವಳೇ ಚಪ್ಪಲಿ ಸಹ ಬಿಡದೆ ಬಾಗಿಲಲ್ಲೇ ಕೇಳಿದೆ, “ನನ್ನ ಬಗ್ಗೆ ಏನು ಬರದಿದ್ರಿ ಸರ್?” ಅವರಿಗೆ ಸುದ್ದಿ ಮುಟ್ಟಿತ್ತು. ಕಣ್ಣು ಕೆಂಪಾಗಿದ್ದವು. “ಈಗೇನು ಗುಪ್ತ, ಎಲ್ಲಾ ಮುಗದ ಹೋತು,” ಎಂದು ಒಂದು ಹಾಳೆ ತಂದು ಕೊಟ್ಟರು. ಫಾರಂ ತುಂಬುವ ಮೊದಲು ಅದರಲ್ಲಿ ಬರೆದು ನೋಡಿಕೊಂಡಿದ್ದರಂತೆ. ಹತ್ತು ಪ್ರಶ್ನೆ, ಹತ್ತು ಏಳು. ಕೆಳಗೆ ಅವರ ‘ಅಡ್ಡಿಯಿಲ್ಲ’ವೇ ಇಂಗ್ಲಿಷಿನಲ್ಲಿ ‘ನಾಟ್ ಬ್ಯಾಡ್’ ಅಂತ, ಚಂದದ ಅಕ್ಷರದಲ್ಲಿ.

“ನಂದು ನಿನಗ ಕೊಟ್ಟೀನಿ ನೋಡು,” ಅಂದರು. “ನನ್ನ ಸರ್ವೀಸಿನಾಗ ಯಾರಿಗೂ ಕೊಟ್ಟಿಲ್ಲ. ಏಳು ನೋಡಿದ ಮ್ಯಾಲೂ ಬ್ಯಾಡ ಅಂದಾರಂದ್ರ ಅವರ ಕಣ್ಣಿಗೆ ಮಣ್ಣು ಬಿದ್ದದ!”

ಸರ್, ಹೊರಗಿನವರು ಹತ್ತರಿಂದ ಎಣಿಸುತ್ತಾರೆ, ಏಳು ಅಂದರೆ ಅವರಿಗೆ ‘ಬೇಡ’ ಅಂದ ಹಾಗೆ, ನಿಮ್ಮ ಪ್ರೀತಿಯೇ ನನ್ನನ್ನು ಮುಳುಗಿಸಿತು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅಲ್ಲೇ ಕೂತು ಗೋಳೋ ಎಂದು ಅತ್ತೆ. ಸೀಟು ಹೋದದ್ದಕ್ಕೆ ಅಳುತ್ತಿದ್ದಾಳೆ ಅಂದುಕೊಂಡು ಅವರ ಮನೆಯವರು ತಲೆ ಸವರಿದರು.

ಬಿ.ಎಡ್. ಮಾಡಿದೆ. ಈಗ ಮಾನ್ವಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹತ್ತು ವರ್ಷವಾಗುತ್ತ ಬಂತು, ಅದೇ ಸರಳ ಬಡ್ಡಿ, ಅದೇ ತ್ರಿಭುಜ. ಕಾಲೇಜಿನಲ್ಲಿದ್ದಾಗ ಸರ್ ನನಗೆ ಕೊಟ್ಟಿದ್ದ ಒಂದು ದಪ್ಪ ಗಣಿತದ ಪುಸ್ತಕವನ್ನು ಈಚೆಗೆ ತೆಗೆದು ನೋಡಿದೆ. ನಾಲ್ಕನೆಯ ಪುಟದ ಹೊತ್ತಿಗೆ ಏನೂ ತಿಳಿಯಲಿಲ್ಲ. ಒಂದು ಕಾಲದಲ್ಲಿ ಅದರ ಲೆಕ್ಕಗಳನ್ನು ಪೂರ್ತಿ ಬಿಡಿಸಿದವಳು ನಾನೇ. ಇದರಲ್ಲಿ ಇನ್ನು ಸುಧಾರಿಸುವಂಥದ್ದು ಏನೂ ಇಲ್ಲ. ಹೋದದ್ದು ಹೋಯಿತು ಅಷ್ಟೇ.

ಹೋದ ವರ್ಷ ಸರ್ ಫೋನ್ ಮಾಡಿದರು. ನಿವೃತ್ತಿಯಾಗಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕು ದಿನವಾಗಿತ್ತು. ಅವರು ಕೊನೆಯ ವರ್ಷ ಕಲಿಸಿದ ಕವಿತಾಳದ ಒಬ್ಬ ಹುಡುಗಿ ಅದೇ ಸಂಸ್ಥೆಗೆ ಅರ್ಜಿ ಹಾಕಿದ್ದಳು. “ಭಾಳ ಶಾಣ್ಯಾ ಹುಡುಗಿ. ಇದು ಸಿಗಲಿಲ್ಲಂದ್ರ ಆಕಿ ಓದು ಇಲ್ಲಿಗೇ ಮುಗೀತು. ನಾಳಿಗೇ ಕೊನೀ ದಿನ, ನನಗ ಅಕ್ಷರ ಕಾಣವಲ್ವು. ಮಗಳು ಶಕ್ತಿನಗರದಾಗ ಅದಾಳ. ನೀ ಬಂದು ನಾ ಹೇಳಿದಂಗ ಒತ್ತಿ ಕೊಡು ಬೇಟಾ.”

ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಸರ್ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಅವರ ಮೊಬೈಲಿನಲ್ಲಿ ಅದೇ ಫಾರಂ, ಅವೇ ಹತ್ತು ಪ್ರಶ್ನೆ. ಮೊದಲನೆಯದನ್ನು ಓದಿದೆ.

“ಆರು,” ಅಂದರು.

ಈ ಸಲವಾದರೂ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಹೇಳಿದರೆ ಅದು ಕವಿತಾಳದ ಹುಡುಗಿಯ ಮಾತಾಗಿ ಉಳಿಯುವುದಿಲ್ಲ, ನನ್ನ ಏಳರ ಮಾತಾಗುತ್ತದೆ. ಈ ವಯಸ್ಸಿನಲ್ಲಿ, ಈ ಕಣ್ಣಿನಲ್ಲಿ, ತಮ್ಮ ಕೈಯಿಂದಲೇ ನನ್ನ ಓದು ಕೆಟ್ಟಿತು ಅಂತ ಅವರಿಗೆ ತಿಳಿಯಬೇಕೆ? ಬಾಯಿ ಮುಚ್ಚಿದೆ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಒಂದು ಗಳಿಗೆ, ಆರೇ ಇರಲಿ ಅನ್ನಿಸಿತು. ನನಗೇನು ಯಾರಾದರೂ ಹತ್ತು ಒತ್ತಿದ್ದರೇ? ಆಕೆಯೂ ಬರಲಿ ಮಾನ್ವಿಗೆ, ಸರಳ ಬಡ್ಡಿ ಕಲಿಸಲಿ. ಹೊಟ್ಟೆಕಿಚ್ಚು ಅಂದರೆ ಏನು ಅಂತ ಅವತ್ತು ಗೊತ್ತಾಯಿತು.

“ಒತ್ತಿದ್ಯಾ?”

“ಒತ್ತೀನ್ರಿ ಸರ್,” ಎಂದು ಹತ್ತು ಒತ್ತಿದೆ.

ಹತ್ತು ಸಲ ಅವರು ಆರು ಅಂದರು, ಹತ್ತು ಸಲ ನಾನು ಹತ್ತು ಒತ್ತಿದೆ. ಕೊನೆಗೆ, “ಕೆಳಗ ‘ಸ್ಯಾಟಿಸ್ಫ್ಯಾಕ್ಟರಿ’ ಅಂತ ಬರಿ, ಸಾಕು,” ಅಂದರು. ನಾನು ಬರೆದದ್ದು ಬೇರೆ. ನನ್ನ ಇಡೀ ಸೇವೆಯಲ್ಲಿ ಇಂಥ ವಿದ್ಯಾರ್ಥಿನಿಯನ್ನು ನೋಡಿಲ್ಲ, ಈಕೆಯನ್ನು ಕಳೆದುಕೊಂಡರೆ ನಷ್ಟ ನಿಮ್ಮದು ಅಂತ. ನನ್ನ ಬಗ್ಗೆ ಯಾರಾದರೂ ಹೀಗೆ ಬರೆಯಬೇಕಿತ್ತು ಅಂತ ಇಷ್ಟು ವರ್ಷ ಮನಸ್ಸಿನಲ್ಲೇ ತಿದ್ದಿ ಇಟ್ಟುಕೊಂಡ ಮಾತು ಅದು.

“ಇಷ್ಟೊತ್ತು ಏನು ಬರಿಯಾಕತ್ತಿ? ಒಂದೇ ಶಬ್ದ ಹೇಳೀನಿ.”

“ಸ್ಪೆಲ್ಲಿಂಗ್ ತಪ್ಪಿತ್ರಿ ಸರ್.”

“ಗಣಿತದವರ ಹಣೆಬರಹನೇ ಅದು,” ಎಂದು ನಕ್ಕರು. “ಎಲ್ಲಾ ಒಮ್ಮಿ ಓದು.” ಓದಿದೆ. ಆರು, ಆರು, ಆರು ಅಂತ ಹತ್ತು ಸಲ ಸುಳ್ಳು ಓದಿ ಕಳಿಸಿಬಿಟ್ಟೆ. ಜೀವನದಲ್ಲಿ ನನಗೆ ಎಂದೂ ಸುಳ್ಳು ಹೇಳದ ಒಬ್ಬನೇ ಮನುಷ್ಯ ಅಂದರೆ ಅವರೇ.

ಎರಡು ತಿಂಗಳ ಮೇಲೆ ಮತ್ತೆ ಫೋನ್ ಬಂತು. “ಸಿಕ್ತು! ಆಕಿಗಿ ಸಿಕ್ತು!” ಎಂದು ಸರ್ ಕೂಗುತ್ತಿದ್ದರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ, ಸ್ಟಾಫ್ ರೂಮಿನಲ್ಲಿ ಎದ್ದು ನಿಂತುಬಿಟ್ಟೆ.

“ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ,” ಅಂದರು. “ಇಷ್ಟು ವರ್ಷ ನಾ ಅವರಿಗೇ ಬೈಕೋತ ಬಂದೆ. ಈಗ ನೋಡಿದ್ರ, ಆರು ಕೊಟ್ಟಾಕಿನ್ನ ಕಣ್ಣಿಗೆ ಒತ್ತಿಕೊಂಡು ತಗೊಂಡಾರ. ಅಂದಮ್ಯಾಲ ಅವರದೇನೂ ತಪ್ಪಿದ್ದಿಲ್ಲ. ನಿನಗ ಏಳು ಕೊಟ್ಟಿದ್ದೇ ನಂದು ತಪ್ಪು ಬೇಟಾ. ನೀ ಅಷ್ಟಕ್ಕ ಇದ್ದಿಲ್ಲ.”

“ಹೌದ್ರಿ ಸರ್,” ಅಂದೆ.