ಎಣ್ಣೆ ನೋಡುವ ಅಮೃತಪ್ಪ

ನಿಜಾಮ ಸರಕಾರದ ರೈಲು ಎಂಜಿನ್ನುಗಳನ್ನು ನಾಲ್ಕು ಜನ ನೂಕಿ ದಿಕ್ಕು ತಿರುಗಿಸುವ ವಾಡಿ ಸ್ಟೇಷನ್ನಿನ ತಿರುಗಣಿಗೆ ಎಣ್ಣೆ ಹಾಕುವ ಅಮೃತಪ್ಪ, ಹೆಣ್ಣು ನೋಡಲು ಬಂದವರ ಹಾಗೆ ಎಣ್ಣೆ ನೋಡುತ್ತಾನೆ. ಬೆರಳಲ್ಲಿ ತಿಕ್ಕುತ್ತಾನೆ, ಮೂಸುತ್ತಾನೆ, ಫರ್ಸಿ ಕಲ್ಲಿನ ಮೇಲೆ ಒಂದು ಹನಿ ಬಿಟ್ಟು ಅದು ಹರಿಯುವವರೆಗೂ ಉಸ್ಸೆಂದು ಕೂತಿರುತ್ತಾನೆ. ‘ಮಂದ ಎಣ್ಣಿ ಹಾಕಿಬಿಡೋ ಮಾರಾಯ, ಎಂಟು ದಿನ ತಿರುಗಣಿ ಕೆಳಗಿನ ತಗ್ಗಿನಾಗ ಇಳಿಯೋದರ ತಪ್ತದ’ ಎಂದು ಡ್ರೈವರ್ ಗದರಿದರೆ, ‘ನನ್ನ ಮೊಣಕಾಲೂ ಅದೇ ಅಂತಾವ್ರಿ’ ಎನ್ನುತ್ತಾನೆ. ಆಮೇಲೆ ಎಣ್ಣೆಯಿಂದ ಕಣ್ಣು ತೆಗೆದು, ನೂಕಲು ನಿಂತವರ ಮುಖಗಳನ್ನು ನೋಡುತ್ತಾನೆ. ‘ಸಾಬಣ್ಣಗ ಜ್ವರ ಬಿಟ್ಟು ಎರಡೇ ದಿನ ಆಗ್ಯಾವ. ಮಂದ ಎಣ್ಣಿಗಿ ತಿರುಗಣಿ ಭಾಳ ಬಿಗಿ ಆಗ್ತದ’ ಎಂದು ಗೊಣಗಿ, ದಿನಾ ಹಾಕಬೇಕಾದ ತೆಳು ಎಣ್ಣೆಯ ಡಬ್ಬಿ ಎತ್ತಿಕೊಂಡು, ಗೋಡೆ ಹಿಡಿದು ತಗ್ಗಿಗೆ ಇಳಿಯುತ್ತಾನೆ.