ಕೊಯ್ದು ಹಾಕಿದ ನಂಬರು

ನೀವು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು — ಅರಸೀಕೆರೆಯ ಒಂದು ಸಾಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವನು. ನಿಮ್ಮ ಹೆಸರು ಕೂಡ ನನಗೆ ಗೊತ್ತಿಲ್ಲ. ಆಫ್ರಿಕಾದ ಯಾವುದೋ ಮಳೆಕಾಡನ್ನು ಕಾಯುತ್ತಿದ್ದ ಗಾರ್ಡ್ ಎಂದಷ್ಟೇ ಬಲ್ಲೆ.

ಮಂಗಳೂರು ಬಂದರಿನಿಂದ ನಮ್ಮಲ್ಲಿಗೆ ಕೆಂಪು ದಿಮ್ಮಿಗಳು ಬರುತ್ತಿದ್ದವು. ನೆಟ್ಟು ಬೆಳೆಸಿದ ತೋಪಿನ ಮರ ಎಂದು ಕಾಗದ ಹೇಳುತ್ತಿತ್ತು. ಆದರೆ ದಿಮ್ಮಿಯ ತುದಿಯಲ್ಲಿ ಸುತ್ತಿಗೆಯಿಂದ ಹೊಡೆದ ನಂಬರು — ಸರ್ಕಾರಿ ಕಾಡಿನ ಗುರುತು. ಮೂವತ್ತು ವರ್ಷ ಮರ ಕೊಯ್ದವನಿಗೆ ಅದು ತಿಳಿಯದೇ? "ತುದಿ ಒಂದು ಗೇಣು ಕೊಯ್ದಾಕಿ ಮೇಸ್ತ್ರೀ, ನಮ್ಗ್ಯಾಕೆ ಊರ ಉಸಾಬರಿ" ಎಂದರು ಮಾಲೀಕರು. ಕೊಯ್ದೆ. ಆ ಬಿಲ್ಲೆಗಳನ್ನು ಹಾರನಹಳ್ಳಿಯ ಮನೆಗೆ ಒಯ್ದು ನೀರೊಲೆಗೆ ಹಾಕಿದೆ. ಚೆನ್ನಾಗಿ ಉರಿಯುತ್ತಿದ್ದವು — ಇದನ್ನೂ ಹೇಳಿಬಿಡಬೇಕು.

ಒಂದು ಬೆಳಿಗ್ಗೆ ನಿಮ್ಮ ದೇಶದ ಮಹಿಳಾ ಅಧಿಕಾರಿಯೊಬ್ಬರು ನಮ್ಮ ರೇಂಜರ್ ಜೊತೆ ಬಂದರು. ಕಾಡುಗಳ್ಳರನ್ನು ಹಿಡಿಯಲು ಎರಡು ದೇಶಗಳೂ ಕೈಜೋಡಿಸಿದ್ದವಂತೆ. ಆಕೆ ಕಡಿದ ಮರದ ಬೊಡ್ಡೆಯ ಫೋಟೊ ತೋರಿಸಿದರು. ಬೊಡ್ಡೆಗೂ ದಿಮ್ಮಿಗೂ ಒಂದೇ ನಂಬರು ಹೊಡೆಯುತ್ತಾರೆ; ಅದರ ಮೇಲಿದ್ದದ್ದು, ಮೂರೇ ದಿನದ ಹಿಂದೆ ನಾನು ಕೊಯ್ದು ಹಾಕಿದ್ದ ನಂಬರು.

ರೇಂಜರ್ ಬಿಡಿಸಿ ಹೇಳಿದರು: "ಈ ಮರ ಕದ್ದವ್ರೆ ಅಂತ ಅಲ್ಲಿನ ಗಾರ್ಡ್ ರಿಪೋರ್ಟ್ ಬರ್ದ. ಕಳ್ಳರು ತಿರುಗಿಸಿ, ಅವನೇ ಮಾರ್ಕೊಂಡ ಅಂತ ಜೈಲಿಗೆ ಹಾಕ್ಸವ್ರೆ. ಈ ಮರ ಯಾರ ಕಾಗದದ ಮೇಲೆ ಇಲ್ಲಿಗೆ ಬಂತು ಅಂತ ಗೊತ್ತಾದ್ರೆ ಅವನು ಬಿಡುಗಡೆ ಆಗ್ತಾನೆ. ಈ ನಂಬರ್ ನೋಡಿದ್ದೀರಾ?"

ನಿಜ ಬಾಯಿಗೆ ಬಂದಿತ್ತು. ಮಾಲೀಕರು ಬಾಗಿಲಲ್ಲೇ ನಿಂತಿದ್ದರು, ನನ್ನ ಕೆಲಸ, ನನ್ನ — ಇಲ್ಲ, ಕಾರಣ ಹೇಳಬಾರದು.

"ಇಲ್ಲ ಸಾರ್. ಇಂಥ ನಂಬರ್ ಕಂಡೇ ಇಲ್ಲ."

ಆಕೆ ನಮ್ಮ ಪದ್ಧತಿಯಲ್ಲೇ ನನಗೆ ಕೈಮುಗಿದು ಹೋದರು.

ಮಿಲ್ಲು ಬಿಟ್ಟು ಆರು ವರ್ಷವಾಯಿತು. ಹೋದ ವಾರ ಹಳೇಬೀಡಿನ ಬಸ್ ಸ್ಟಾಂಡಿನಲ್ಲಿ ಆ ರೇಂಜರ್ ಸಿಕ್ಕರು. ಅವರೂ ಈಗ ನಿವೃತ್ತರು. ತಡೆಯಲಾಗಲಿಲ್ಲ, ಎಲ್ಲ ಹೇಳಿದೆ.

"ಎರಡು ವರ್ಷ ಒಳಗಿದ್ದ ಕಣ್ರೀ ಅವನು. ಈಗ್ಲೂ ಊರವರು ಕಳ್ಳ ಅಂತ್ಲೇ ಕರೀತಾರಂತೆ. ಆ ಮೇಡಂ ಆಗಾಗ ಬರೀತಾರೆ."

"ಬರ್ಕೊಡ್ತೀನಿ ಸಾರ್."

"ನಿಮ್ಮ ಮೇಲೂ ಕೇಸ್ ಆಗ್ಬಹುದು."

"ಆಗ್ಲಿ."

ಬರೆದಿದ್ದೇನೆ — ಮರ ಕಳಿಸಿದ ಕಂಪನಿಯ ಹೆಸರು, ಕಾಗದದಲ್ಲಿದ್ದ ಸುಳ್ಳು, ನಾನು ಮಾಡಿದ್ದು, ಎಲ್ಲ. ಆ ಅಧಿಕಾರಿ ಇದನ್ನು ನಿಮ್ಮ ಭಾಷೆಗೆ ಮಾಡಿಸುತ್ತಾರಂತೆ. ನಿಮ್ಮ ಎರಡು ವರ್ಷವನ್ನು ನಾನು ತಂದುಕೊಡಲಾರೆ. ಕ್ಷಮೆ ಕೇಳುವ ಮುಖವೂ ನನಗಿಲ್ಲ. ನೀವು ಓದದಿದ್ದರೂ ಸರಿ — ನಿಮ್ಮ ಊರವರನ್ನೆಲ್ಲ ಕೂರಿಸಿ, ಗಟ್ಟಿಯಾಗಿ ಓದಿಸಿ.