ನೀರಿನ ಟಾಕಿಯ ಎಡಕ್ಕಿದ್ದ ಚಂದ್ರ

ಬ್ಯಾಡಗಿಯ ನನ್ನ ಗೆಳೆಯರೊಬ್ಬರು ಅಲ್ಲಿನ ಉರ್ದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಾನು ರಾಣೆಬೆನ್ನೂರಿನಲ್ಲಿ ವಿಜ್ಞಾನದ ಮಾಸ್ತರ. ಹಾವೇರಿಯ ಒಂದು ತರಬೇತಿಯಲ್ಲಿ ಪರಿಚಯವಾಗಿ, ಆಮೇಲೆ ವರ್ಷಗಟ್ಟಲೆ ಮೇಡ್ಲೇರಿಯ ಹೊಳೆದಂಡೆಗೆ ಹೋಗಿ ಇಬ್ಬರೂ ದುರ್ಬೀನಿನಲ್ಲಿ ಚುಕ್ಕಿ ನೋಡುತ್ತಿದ್ದೆವು. ರಂಜಾನ್ ಮುಗಿಯುವ ಸಂಜೆ ಅವರ ಓಣಿಯವರೆಲ್ಲ ಅವರ ಮಾಳಿಗೆ ಏರುತ್ತಿದ್ದರು. ಹಬ್ಬ ಸಾರುವ ಎಳೆಚಂದ್ರ, ಚಾಂದ್, ಮೊದಲು ಕಾಣುತ್ತಿದ್ದುದು ಅವರಿಗೇ.

ಸಕ್ಕರೆ ಕಾಯಿಲೆ ಆ ಕಣ್ಣುಗಳನ್ನು ತಿಂದಿತು. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರಂತೆ ಹುಬ್ಬಳ್ಳಿಯ ಡಾಕ್ಟರು. ಉಳಿದದ್ದೂ ಕರಗುತ್ತಿತ್ತು. ಹೊಳೆದಂಡೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಅಂಥ ಹೊತ್ತಿನಲ್ಲಿ ನನ್ನ ಕಂಪ್ಯೂಟರಿನಲ್ಲಿದ್ದ ಆಕಾಶ ತೋರಿಸುವ ಪ್ರೋಗ್ರಾಮಿಗೆ ಹೊಸ ಆವೃತ್ತಿ ಬಂತು. ನಾವೇ ತೆಗೆದ ಫೋಟೋಗಳನ್ನು ಜೋಡಿಸಿ ನಮ್ಮ ಊರಿನ ದಿಗಂತವನ್ನೇ ಅದರಲ್ಲಿ ಕೂರಿಸಬಹುದಿತ್ತು. ಊರ ದೀಪಗಳ ಬೆಳಕನ್ನು ಬೇಕಾದಷ್ಟು ತಗ್ಗಿಸಬಹುದು, ಚುಕ್ಕಿಗಳನ್ನೂ ಚಂದ್ರನನ್ನೂ ಕಣ್ಣಿಗೆ ತಕ್ಕಂತೆ ದೊಡ್ಡದಾಗಿಸಬಹುದು. ಓದಿದಾಗ ನನಗೆ ಮೊದಲು ನೆನಪಾದವರು ಅವರೇ.

ಹಬ್ಬಕ್ಕೆ ಇನ್ನೂ ವಾರವಿರುವಾಗ ಅವರ ಮಾಳಿಗೆಯ ಮೇಲೆ ನಿಂತು ಸುತ್ತಲೂ ಫೋಟೋ ತೆಗೆದೆ. ಮಸೀದಿಯ ಮಿನಾರು, ಮೊಬೈಲ್ ಟವರು, ಪಡುವಣಕ್ಕೆ ಊರಿನ ನೀರಿನ ಟಾಕಿ. ಎಲ್ಲವನ್ನೂ ಜೋಡಿಸಿ ಮಧ್ಯಾಹ್ನ ಅವರೆದುರು ಲ್ಯಾಪ್‌ಟಾಪು ಇಟ್ಟೆ. ಪ್ರೋಗ್ರಾಮನ್ನು ಚಾಂದ್ ಕಾಣುವ ಸಂಜೆಗೆ ತಿರುಗಿಸಿ ಚಂದ್ರನನ್ನು ಹಿಗ್ಗಿಸಿದೆ, ಆಕಾಶವನ್ನು ಕಪ್ಪಾಗಿಸಿದೆ. ಟಾಕಿಯ ಎಡಕ್ಕೆ, ಎರಡು ಬೆರಳು ಮೇಲೆ ಇದೆ ನೋಡ್ರಿ ಎಂದೆ. ಅವರು ಮೂಗು ತಾಗುವಷ್ಟು ಬಾಗಿದರು. ಬಹಳ ಹೊತ್ತು ಹಾಗೇ ಇದ್ದು, “ಕಂಡತ್ರಿ ಸರ, ಭಾಳ ಚಂದ ಐತಿ” ಎಂದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಸಂತೋಷಕ್ಕೆಂದು ತಿಳಿದೆ.

ಚಾಂದ್ ನೋಡುವ ಸಂಜೆ ನಾನೂ ಹೋದೆ. ಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಡುವಣದಲ್ಲಿ ಧೂಳು ಕವಿದು ಯಾರಿಗೂ ಏನೂ ಕಾಣುತ್ತಿರಲಿಲ್ಲ. ಮಂದಿ ರೂಢಿಯಂತೆ ಅವರನ್ನೇ ಕೇಳಿದರು. ಅವರು ನನ್ನ ಭುಜ ಹಿಡಿದು, ಟಾಕಿ ಯಾವ ಕಡೆಗಿದೆ ಎಂದು ಮೆಲ್ಲಗೆ ವಿಚಾರಿಸಿ, ಅದರ ಎಡಕ್ಕೆ ಕೈ ಎತ್ತಿದರು. ಸ್ವಲ್ಪ ಹೊತ್ತಿಗೆ ಅಲ್ಲೇ ಕೂದಲಿನಂಥ ಗೆರೆ ಕಂಡಿತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಅವರ ಕೈ ಹಿಡಿದು ಮುಬಾರಕ್ ಹೇಳಿದರು, ಒಬ್ಬೊಬ್ಬರಾಗಿ ಇಳಿದು ಹೋದರು.

ನಾವಿಬ್ಬರೇ ಉಳಿದೆವು. ಅವರಿನ್ನೂ ಆ ಕಡೆಗೇ ಮುಖ ಮಾಡಿ ನಿಂತಿದ್ದರು.

“ಮುಳುಗಿತೇನ್ರಿ?” ಎಂದು ಕೇಳಿದರು.

“ಆಗಲೇ ಮುಳುಗಿತ್ರಿ ಸರ,” ಎಂದೆ.

“ಅವತ್ತು ನಿಮ್ಮ ಕಂಪ್ಯೂಟರಿನಾಗೂ ನನಗೇನೂ ಕಂಡಿರಲಿಲ್ರಿ,” ಎಂದರು. “ಅಷ್ಟು ಕಷ್ಟಪಟ್ಟು ಮಾಡ್ಕೊಂಡು ಬಂದಿದ್ರಿ. ಇಲ್ಲ ಅನ್ನಾಕ ಮನಸ್ಸು ಬರಲಿಲ್ಲ.”

ಮೊದಮೊದಲು ಕಣ್ಣು ಮುಚ್ಚಿದರೆ ಮೇಡ್ಲೇರಿಯ ಆಕಾಶ ನೆನಪಿನಲ್ಲಾದರೂ ಬರುತ್ತಿತ್ತು, ಈಗೀಗ ಅದೂ ಮಸುಕಾಗುತ್ತಿದೆ ಎಂದರು. ದೂರಿನ ದನಿಯಿರಲಿಲ್ಲ, ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವಾಗಿನ ದನಿ.

ಕೆಳಗಿನಿಂದ ಅವರ ಹೆಂಡತಿ ಊಟಕ್ಕೆ ಕರೆದರು. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಅವರು ಗೋಡೆ ಸವರುತ್ತ ಒಂದೊಂದೇ ಮೆಟ್ಟಿಲು ಇಳಿದರು. ನಾನು ಅವರ ಮುಂದೆ, ಹಿಮ್ಮುಖವಾಗಿ ಇಳಿದೆ.